ಯೂಟ್ಯೂಬ್‌ನ ಹಳದಿ ಡಾಲರ್: ತಪಾಸಣೆಗೆ ಐದರಲ್ಲಿ ನಾಲ್ಕು ಅಂಕ, ತೀರ್ಪಿಗೆ ಎರಡು

ಯೂಟ್ಯೂಬ್ ಸ್ಟುಡಿಯೊದಲ್ಲಿ (ಚಾನೆಲ್ ನಡೆಸುವವರು ವಿಡಿಯೊ ನಿರ್ವಹಿಸುವ ತಾಣ) ವಿಡಿಯೊ ಪಕ್ಕದ ಡಾಲರ್ ಗುರುತು ಹಸಿರಿದ್ದರೆ ಜಾಹೀರಾತು ಪೂರ್ತಿ ಬರುತ್ತದೆ. ಹಳದಿಗೆ ತಿರುಗಿದರೆ ಅರೆಬರೆ, ಕೆಲವೊಮ್ಮೆ ಒಂದೂ ಇಲ್ಲ. ಹಳದಿ ಎಂದರೆ ನಿಯಮ ಮುರಿದ ಚಾನೆಲ್ ಮೇಲೆ ಬೀಳುವ ಸ್ಟ್ರೈಕ್ ಅಲ್ಲ, ವಿಡಿಯೊ ಅಳಿಸಿಯೂ ಇರುವುದಿಲ್ಲ. ಈ ವಿಡಿಯೊ ಜೊತೆ ಕಾಣಿಸಿಕೊಳ್ಳಲು ಜಾಹೀರಾತುದಾರರು ಹಿಂಜರಿಯುತ್ತಾರೆ ಎಂಬ ಯಂತ್ರದ ಅಂದಾಜು ಅದು. ಜಾಹೀರಾತು ಹಣದ ಶೇ 55ರ ಪಾಲನ್ನೇ ನಂಬಿದ ಚಾನೆಲ್‌ಗೆ ಈ ಅಂದಾಜೇ ದೊಡ್ಡ ಪೆಟ್ಟು.

ಇದು ಹುಟ್ಟಿದ್ದೇ ಜಾಹೀರಾತುದಾರರ ಸಿಟ್ಟಿನಿಂದ. ಉಗ್ರವಾದಿ ವಿಡಿಯೊಗಳಲ್ಲಿ ದೊಡ್ಡ ಸಂಸ್ಥೆಗಳ ಜಾಹೀರಾತು ಓಡುತ್ತಿರುವುದನ್ನು ಲಂಡನ್ನಿನ ಟೈಮ್ಸ್ ಪತ್ರಿಕೆ 2017ರಲ್ಲಿ ಬಯಲು ಮಾಡಿತು. ಬ್ರಿಟನ್ ಸರ್ಕಾರ, ಅಮೆರಿಕದ ದೂರಸಂಪರ್ಕ ಸಂಸ್ಥೆಗಳಾದ ಎಟಿ ಆ್ಯಂಡ್ ಟಿ, ವೆರಿಝಾನ್ ಕೈ ಹಿಂತೆಗೆದವು. ಅದೇ ವರ್ಷ ಹಳದಿ ಗುರುತು ಬಂತು. 2019ರ ಫೆಬ್ರುವರಿಯಲ್ಲಿ ಮಕ್ಕಳ ವಿಡಿಯೊಗಳ ಕೆಳಗಿನ ಕೊಳಕು ಕಮೆಂಟ್‌ಗಳ ಕಾರಣಕ್ಕೆ ಡಿಸ್ನಿ, ನೆಸ್ಲೆ ಜಾಹೀರಾತು ನಿಲ್ಲಿಸಿದಾಗ, ಕೆಲವೇ ದಿನಗಳಲ್ಲಿ ಅಂಥ ಕೋಟ್ಯಂತರ ವಿಡಿಯೊಗಳ ಕಮೆಂಟನ್ನು ಯೂಟ್ಯೂಬ್ ಮುಚ್ಚಿತು. ಆ ಕೆಲಸ ಆಗಲೇಬೇಕಿತ್ತು; ಆದರೆ ದುಡ್ಡು ನಿಂತಾಗ ಮಾತ್ರ ಇಷ್ಟು ಚುರುಕು ಬರುವುದು ಒಪ್ಪತಕ್ಕದ್ದಲ್ಲ. 2020ರ ಆರಂಭದಲ್ಲಿ ಕೊರೊನಾ ಬಗೆಗಿನ ವಿಡಿಯೊಗಳೂ ‘ಸೂಕ್ಷ್ಮ ಘಟನೆ’ಯ ಲೆಕ್ಕಕ್ಕೆ ಸೇರಿ ಆದಾಯ ಕಳೆದುಕೊಂಡವು, ಮಾರ್ಚ್‌ನಲ್ಲಷ್ಟೇ ನಿಯಮ ಸಡಿಲವಾಯಿತು.

ಬಳಸುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಅಪ್‌ಲೋಡ್ ಹೊತ್ತಿನ ‘ಚೆಕ್ಸ್’ ಹಂತ, ಅಂದರೆ ತಪಾಸಣೆ. ಮಾನೆಟೈಸೇಶನ್ (ವಿಡಿಯೊದಿಂದ ಹಣ ಗಳಿಕೆ) ಆನ್ ಮಾಡಿ, ಬೈಗುಳ, ಹಿಂಸೆ, ಮಾದಕವಸ್ತು ಮುಂತಾದವುಗಳ ಪ್ರಶ್ನಾವಳಿಯನ್ನು ಪ್ರಾಮಾಣಿಕವಾಗಿ ತುಂಬಿ, ವಿಡಿಯೊವನ್ನು ಪ್ರೈವೇಟ್ ಆಗಿಯೇ ಇಡಿ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬಣ್ಣ ಗೊತ್ತಾಗುತ್ತದೆ. ಹಸಿರಾದ ಮೇಲೆ ಪಬ್ಲಿಕ್ ಮಾಡಿ. ಆಮೇಲೂ ಬಣ್ಣ ಬದಲಾಗಬಹುದು, ಆದರೂ ಈ ಕ್ರಮ ಬಿಡಬಾರದು: ಸುದ್ದಿಯಂಥ ವಿಡಿಯೊಗಳಿಗೆ ನೋಟ ಹೆಚ್ಚು ಬೀಳುವುದು ಮೊದಲ ಎರಡು ಮೂರು ದಿನ, ಹಳದಿ ಬಂದು ಮನುಷ್ಯರ ಮರುಪರಿಶೀಲನೆ ಮುಗಿಯುವಷ್ಟರಲ್ಲಿ ಆ ಅವಧಿ ಕಳೆದಿರುತ್ತದೆ.

ಪ್ರಶ್ನಾವಳಿಯಲ್ಲಿ ಸುಳ್ಳು ಹೇಳಿ ಹಸಿರು ಗಿಟ್ಟಿಸುವ ಆಲೋಚನೆ ಬೇಡ. ನಿಮ್ಮ ಉತ್ತರ ಎಷ್ಟು ಸಲ ಸರಿಯಿತ್ತು ಎಂಬ ಲೆಕ್ಕ ಯೂಟ್ಯೂಬ್ ಬಳಿ ಉಳಿಯುತ್ತದೆ.

ಹಳದಿ ಬಂದರೆ ಮೊದಲು ನೋಡಬೇಕಾದದ್ದು ಶೀರ್ಷಿಕೆ ಮತ್ತು ಥಂಬ್‌ನೇಲ್. ರಕ್ತ, ಹೆಣ, ಬೈಗುಳ ಅಲ್ಲಿದ್ದರೆ ಒಳಗಿನ ವಿಷಯ ಎಷ್ಟೇ ಗಂಭೀರವಾಗಿದ್ದರೂ ಸಿಕ್ಕಿಬೀಳುತ್ತದೆ. ಅವನ್ನು ತಿದ್ದಿದ ಮೇಲೆಯೇ ಕಂಟೆಂಟ್ ಪುಟದ ಹಳದಿ ಗುರುತಿನಿಂದ ಮರುಪರಿಶೀಲನೆ ಕೇಳಿ. ಮನುಷ್ಯರು ನೋಡಿ ಕೊಟ್ಟ ತೀರ್ಪು ಬದಲಾಗುವುದಿಲ್ಲ, ಹಾಗಾಗಿ ಆತುರ ಬೇಡ. ಯಾವ ನಿಯಮ ತಟ್ಟಿತು ಎಂದು ತಿಳಿಸುತ್ತಾರೆ. ಯಾವ ನಿಮಿಷದ ಯಾವ ಮಾತು ಎಂಬುದು ಹಲವು ಸಲ ತಿಳಿಯುವುದೇ ಇಲ್ಲ. ತೀರ್ಪಿಗೆ ಐದರಲ್ಲಿ ಎರಡೇ ಅಂಕ ಕೊಟ್ಟಿದ್ದು ಅದಕ್ಕೇ. ಹಳದಿ ಉಳಿದರೂ ಪ್ರೀಮಿಯಂ ಚಂದಾದಾರರು (ಹಣ ಕೊಟ್ಟು ಜಾಹೀರಾತಿಲ್ಲದೆ ನೋಡುವವರು) ನೋಡಿದ್ದರ ಪಾಲು ಬರುತ್ತಲೇ ಇರುತ್ತದೆ.