ಗೊಂಬೆ ನಿಲ್ಲಿಸಲು ಮನೆಯಲ್ಲೇ ಸ್ಟ್ಯಾಂಡ್: ತಂತಿಯೋ, ಗೆರಟೆಯೋ, ಸೈಕಲ್ ಕಡ್ಡಿಯೋ?

ಬಾರ್ಬಿ ಗೊಂಬೆ ತಾನಾಗಿ ನಿಲ್ಲುವುದಿಲ್ಲ. ಹನ್ನೊಂದೂವರೆ ಇಂಚಿನ ಮೈ, ಪುಟಾಣಿ ಪಾದ, ಅದೂ ಹೆಚ್ಚಾಗಿ ಹಿಮ್ಮಡಿ ಎತ್ತಿಕೊಂಡಿದ್ದು. 1959ರಲ್ಲಿ ಬಂದ ಮೊದಲ ಬಾರ್ಬಿಗೆ ಅಂಗಾಲಿನಲ್ಲೇ ತೂತು ಇತ್ತು. ಆ ತೂತಿನಲ್ಲಿ ತಾಮ್ರದ ಸಣ್ಣ ಕೊಳವೆ, ಅದರೊಳಗೆ ಸ್ಟ್ಯಾಂಡಿನ ಎರಡು ಕಡ್ಡಿಗಳು ಕೂರುತ್ತಿದ್ದವು. ಈಗಿನ ಗೊಂಬೆಗಳಿಗೆ ತೂತಿಲ್ಲ. ಹಾಗಾಗಿ ಸೊಂಟ ಹಿಡಿಯಬೇಕು, ಇಲ್ಲವೇ ತೊಡೆಸಂದಿಗೆ ಆಸರೆ ಕೊಡಬೇಕು.

ನಮ್ಮ ಕಪಾಟಿನಲ್ಲಿ ಬಾರ್ಬಿಗಳ ಜೊತೆ ಯಕ್ಷಗಾನದ ವೇಷದ ಬಟ್ಟೆ ಗೊಂಬೆಗಳೂ ಇವೆ. ಎರಡಕ್ಕೂ ಸ್ಟ್ಯಾಂಡ್ ಮನೆಯಲ್ಲೇ ಮಾಡಿ, ಬೇರೆ ಬೇರೆ ಬಗೆಯವನ್ನು ಒಂದೇ ಕಪಾಟಿನಲ್ಲಿ ಮಳೆಗಾಲ ಪೂರ್ತಿ ಇಟ್ಟು ನೋಡಿದ್ದೇನೆ. ಮಳೆಗಾಲ ಅಂತ ಸುಮ್ನೆ ಹೇಳುತ್ತಿಲ್ಲ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಗೆಯಲ್ಲಿ ಎಲ್ಲ ಸ್ಟ್ಯಾಂಡೂ ಚೆನ್ನಾಗಿಯೇ ಕಾಣುತ್ತದೆ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದ ಮೇಲೆ ಗೊಂಬೆಯ ಸೊಂಟ, ಸೀರೆಯ ನೆರಿಗೆ, ಹಲಗೆಯ ಅಡಿ ನೋಡಬೇಕು. ನಿಜ ಗೊತ್ತಾಗುವುದು ಅಲ್ಲಿ.

ಮೊದಲು ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ. ತೋಟಕ್ಕೆ ತಂದದ್ದರಲ್ಲಿ ಉಳಿದ 12 ಗೇಜಿನ ತುಂಡು ಒಂದು ಮೀಟರ್ ಇದ್ದರೆ ಸಾಕು. ಕೆಳಗೆ ಎರಡು ಸುತ್ತು ಸುರುಳಿ, ಅಲ್ಲಿಂದ ನೇರ ಮೇಲಕ್ಕೆ, ತುದಿಯಲ್ಲಿ ಸೊಂಟಕ್ಕೆ ಕೊಂಡಿ. ಒಂದೇ ತಂತಿ, ಬೇರೆ ಜೋಡಣೆ ಇಲ್ಲ. ಕೈ ಕುದುರಿದರೆ ಕಾಲು ಗಂಟೆಯ ಕೆಲಸ. ಖರ್ಚಂತೂ ಇಲ್ಲವೇ ಇಲ್ಲ. ಆದರೆ ಇದಕ್ಕೆ ತೂಕ ಸಾಲದು. ಕಪಾಟಿನ ಬಾಗಿಲು ಹಾಕಿದರೆ ಗೊಂಬೆ ತೂಗಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ತುಕ್ಕು. ತಂತಿಯ ಮೇಲಿನ ಸತುವಿನ ಪದರ ಪ್ಲಯರ್ ಕಚ್ಚಿದ ಜಾಗದಲ್ಲಿ ಕಿತ್ತಿರುತ್ತದೆ, ಕತ್ತರಿಸಿದ ತುದಿಯಲ್ಲಂತೂ ಇರುವುದೇ ಇಲ್ಲ. ತುಕ್ಕು ಶುರುವಾಗುವುದು ಅಲ್ಲಿಂದ. ಉಳಿದ ಕಡೆ ಸತುವೇ ಬಿಳಿ ಪುಡಿಯಾಗಿ ಏಳುತ್ತದೆ. ಹತ್ತಿಯ ಕಾಸರಗೋಡು ಸೀರೆಯ ತುಂಡು ಉಡಿಸಿದ ಗೊಂಬೆಗೆ ತುಕ್ಕಿನ ಕಲೆ ತಾಗಿದರೆ ಅದು ಹೋಗುವ ಕಲೆಯಲ್ಲ.

ಪಂಪಿನ ಮೋಟರ್ ವೈಂಡಿಂಗ್ ಮಾಡುವ ಕಡೆ ಹಳೆಯ ತಾಮ್ರದ ತಂತಿ ಸಿಗುತ್ತದೆ. ಬಗ್ಗಿಸಲು ಸುಲಭ, ನೋಡಲು ಚಂದ. ಆದರೂ ಗೊಂಬೆಗೆ ಬೇಡ. ಹಳೆಯ ಬಾರ್ಬಿಗಳ ಕಿವಿ ಹಸಿರಾಗುವುದನ್ನು ಸಂಗ್ರಹ ಮಾಡುವವರೆಲ್ಲ ಬಲ್ಲರು. ಲೋಹದ ಓಲೆಯಲ್ಲಿರುವ ತಾಮ್ರ ಕಿಲುಬು ಹಿಡಿದು ವಿನೈಲ್‌ನೊಳಗೆ ಇಳಿಯುವುದೇ ಅದಕ್ಕೆ ಕಾರಣ. ಸೊಂಟಕ್ಕೆ ತಾಮ್ರ ಸುತ್ತಿದರೆ ಅಲ್ಲೂ ಅದೇ ಭಯ, ಅಲ್ವಾ?

ಎರಡನೆಯದು ಗೆರಟೆ, ಅಂದರೆ ತೆಂಗಿನ ಚಿಪ್ಪು. ಅರ್ಧ ತೆಂಗಿನ ಗೆರಟೆಯನ್ನು ಚೆನ್ನಾಗಿ ಕೆರೆದು, ಹೊರಗಿನ ನಾರು ತೆಗೆದು, ಉಜ್ಜಿ ಎಣ್ಣೆ ಹಚ್ಚಿದರೆ ಬರುವ ಕಪ್ಪು ಹೊಳಪು ನನಗೆ ತುಂಬ ಇಷ್ಟ. ಕಣ್ಣಿನ ತೂತಿನಿಂದ ಕಡ್ಡಿ ತೂರಿಸಿ, ಒಳಗೆ ಸಿಮೆಂಟು ಮತ್ತು ಹೊಯಿಗೆ (ಮರಳು) ತುಂಬಿ, ಗಟ್ಟಿಯಾದ ಮೇಲೆ ಕವುಚಿ ಇಡುವುದು. ಸ್ವಲ್ಪ ದೊಡ್ಡ ಗೆರಟೆಯಾದರೆ ಮುಕ್ಕಾಲು ಕಿಲೋ ತೂಗುತ್ತದೆ. ಬಾರ್ಬಿಗೆ ಇಷ್ಟು ತೂಕ ಧಾರಾಳ, ಅಲುಗಾಡಿಸಿದರೂ ಬೀಳುವುದಿಲ್ಲ. ನಿಲ್ಲುವ ಬಲದಲ್ಲಿ ಗೆರಟೆಗೆ ಸಮನಾದದ್ದು ಬೇರೆ ಸಿಗಲಿಲ್ಲ.

ಕಷ್ಟ ಇರುವುದು ಸಿಮೆಂಟಿನಲ್ಲಿ. ಒಣಗಿತು ಅಂದುಕೊಂಡ ಮೇಲೂ ಅದು ಬಹಳ ದಿನ ತೇವ ಬಿಡುತ್ತದೆ, ಅಡಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮಾಡಿ ಒಣಗಿಸಿಟ್ಟರೆ ಪರವಾಗಿಲ್ಲ, ಮಳೆಗಾಲದಲ್ಲಿ ಮಾಡುವ ಕೆಲಸವಲ್ಲ ಇದು. ಗುಮ್ಮಟದ ಆಕಾರವಾದ್ದರಿಂದ ಪಾದವೂ ಇಳಿಜಾರಿನ ಮೇಲೆ ನಿಲ್ಲುತ್ತದೆ. ನೆಲಮುಟ್ಟುವ ಸೀರೆಯಿದ್ದರೆ ಅದು ಕಾಣುವುದಿಲ್ಲ. ಗಿಡ್ಡ ಲಂಗದ ಗೊಂಬೆಗೆ ಗೆರಟೆ ಹೊಂದುವುದಿಲ್ಲ.

ಮೂರನೆಯದು ಹಲಸಿನ ಹಲಗೆ, ಸೈಕಲ್ ಕಡ್ಡಿ. ಈಗ ಹೊಸದಾಗಿ ಮಾಡುವುದೆಲ್ಲ ಇದನ್ನೇ. ಆಚಾರಿಯ ಹತ್ತಿರ ಕೇಳಿದರೆ ಹಲಸಿನ ತುಂಡು ಸಿಗುತ್ತದೆ. ಹತ್ತು ಸೆಂ.ಮೀ. ಚೌಕ, ಎರಡು ಸೆಂ.ಮೀ. ದಪ್ಪ ಇದ್ದರೆ ಬಾರ್ಬಿಗೆ ಸರಿ. ಸೈಕಲ್ ಚಕ್ರದ ಕಡ್ಡಿಗೆ ಒಂದು ತುದಿಯಲ್ಲಿ ಸ್ಕ್ರೂವಿನಂಥ ಮರೆ ಇರುತ್ತದೆ, ಅದಕ್ಕೆ ನಿಪ್ಪಲ್ ಎಂಬ ಉದ್ದನೆಯ ಸಣ್ಣ ನಟ್ ಕೂರುತ್ತದೆ. ಇದರ ಅನುಕೂಲ ಪೂರ್ತಿ ಇರುವುದು ಇಲ್ಲೇ. ಹಲಗೆಗೆ ನಿಪ್ಪಲ್ ಬಿಗಿಯಾಗಿ ಹೋಗುವಷ್ಟು ತೂತು ಕೊರೆದು, ಅಡಿಯಿಂದ ಅದನ್ನು ತೂರಿಸಬೇಕು. ತಲೆ ಹೊರಗೆ ಉಬ್ಬದ ಹಾಗೆ ಅಡಿಯಲ್ಲಿ ಸ್ವಲ್ಪ ಕುಳಿ ತೆಗೆಯಬೇಕು. ಮೇಲಿನಿಂದ ಕಡ್ಡಿ ತಿರುಗಿಸಿದರೆ ಆಯಿತು. ಅಂಟು ಬೇಡ, ಮೊಳೆ ಬೇಡ, ಬೇಕಾದಾಗ ಬಿಚ್ಚಿ ಪೆಟ್ಟಿಗೆಯಲ್ಲಿ ಇಡಬಹುದು. ಕಡ್ಡಿಯನ್ನು ಗೊಂಬೆಯ ಬೆನ್ನಿನ ಹಿಂದೆ ನಿಲ್ಲಿಸಿ, ಮೇಲಿನ ಏಳೆಂಟು ಸೆಂ.ಮೀ. ಸೊಂಟದ ಸುತ್ತ ಮುಕ್ಕಾಲು ಸುತ್ತು ಬರುವಂತೆ ಬಗ್ಗಿಸಿದರೆ ಒಳ್ಳೆಯ ಸ್ಪ್ರಿಂಗ್ ಹಿಡಿತ ಬರುತ್ತದೆ. ಜಿಐ ತಂತಿಯ ಕೊಂಡಿ ಎರಡು ಸಲ ತೆಗೆದು ಹಾಕಿದರೆ ಸಡಿಲ. ಇದು ಹಾಗಲ್ಲ.

ಕಡ್ಡಿ ಕೊಳ್ಳುವಾಗ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಅದು ಬರೇ ಪಾಲಿಶ್ ಹಾಕಿದ ಕಬ್ಬಿಣ, ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಕಡ್ಡಿ ಅಂಟುವುದಿಲ್ಲ, ಅಂಟಿದರೂ ಸ್ವಲ್ಪವೇ. ಇದನ್ನು ಬಗ್ಗಿಸುವುದು ಮಾತ್ರ ಕಷ್ಟ. ವೈಸ್ ಬೇಕು, ಕೈಗೂ ಬಲ ಬೇಕು. ಹಲಸಿನ ತಿರುಳಿನ ವಿಷಯವನ್ನೂ ಹೇಳಬೇಕು. ಅದರಿಂದ ಬಟ್ಟೆಗೆ ಹಳದಿ ಬಣ್ಣ ಹಾಕುತ್ತಿದ್ದರು, ಅಷ್ಟು ಬಣ್ಣ ಅದರಲ್ಲಿದೆ. ಥಂಡಿಯಲ್ಲಿ ಬರಿ ಹಲಗೆಯ ಮೇಲೆ ಬಿಳಿ ಸೀರೆಯ ಅಂಚು ಇಳಿಬಿದ್ದರೆ ಬಣ್ಣ ಹತ್ತುತ್ತದೆ. ಎರಡು ಕೋಟ್ ವಾರ್ನಿಷ್ ಹೊಡೆದು, ವಾಸನೆ ಪೂರ್ತಿ ಹೋದ ಮೇಲೆಯೇ ಗೊಂಬೆ ನಿಲ್ಲಿಸಬೇಕು.

ಇನ್ನು, ಯಾವ ಲೋಹವೇ ಇರಲಿ, ಗೊಂಬೆಯ ಮೈಗೆ ನೇರ ತಾಗಬಾರದು. ಹೆಚ್ಚಿನವರು ಕರೆಂಟಿನ ವೈರಿನ ಸಿಪ್ಪೆಯನ್ನೇ ಕೊಂಡಿಗೆ ತೊಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಮೆತ್ತನೆಯ ಪಿವಿಸಿ. ಮೆತ್ತಗಾಗಲು ಅದಕ್ಕೆ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಕಾಲ ಕಳೆದ ಹಾಗೆ ಅದು ಹೊರಗೆ ಬಂದು ಗೊಂಬೆಯ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಗುರುತು ಬೀಳುತ್ತದೆ. ರಬ್ಬರ್ ಬ್ಯಾಂಡ್ ಕೂಡ ಬೇಡ. ತೋಟದ ಡ್ರಿಪ್ಪಿನ ಸಣ್ಣ ಮೈಕ್ರೋ ಟ್ಯೂಬ್ ಇದೆಯಲ್ಲ, ಅದು ಪಾಲಿಥೀನ್. ಅದಕ್ಕೆ ಈ ಮೆದುಗೊಳಿಸುವ ಪದಾರ್ಥ ಬೇಕಾಗುವುದಿಲ್ಲ. ಹೊಸ ತುಂಡನ್ನು ಸಾಬೂನಿನಲ್ಲಿ ತೊಳೆದು, ಬಿಸಿನೀರಿನಲ್ಲಿ ಅದ್ದಿ ತೊಡಿಸಿ, ಮೇಲೆ ಬಿಳಿ ಹತ್ತಿ ನಾಡ ಒಂದು ಸುತ್ತು ಸುತ್ತಿದರೆ ನೆಮ್ಮದಿ. ಅಡಿಕೆ ಕೃಷಿಕರ ಮನೆಯಲ್ಲಿ ಇದಕ್ಕೆ ಬರವಿಲ್ಲ.

ಸೊಂಟದ ಕೊಂಡಿಯೋ ತೊಡೆಸಂದಿಯ ಆಸರೆಯೋ ಎಂಬುದು ಉಡುಪಿನ ಮೇಲೆ ನಿಂತಿದೆ. ಸೀರೆ ಉಟ್ಟವಳಿಗೆ ಸೊಂಟ ಹಿಡಿದರೆ ನೆರಿಗೆ ಮುದುಡಿ, ಮಡಿಕೆಯ ಗೆರೆ ಉಳಿಯುತ್ತದೆ. ಅವಳಿಗೆ ಸೀರೆಯೊಳಗೇ ನಿಲ್ಲುವ ಗಿಡ್ಡ ಕಡ್ಡಿ ಮಾಡಿ, ತುದಿಯನ್ನು ಮುಂದಕ್ಕೆ ಬಗ್ಗಿಸಿ, ಮತ್ತೆ ಸ್ವಲ್ಪ ಮೇಲಕ್ಕೆತ್ತಿ ಆಸರೆ ಕೊಡುವುದು ಒಳ್ಳೆಯದು. ಹೊರಗೆ ಏನೂ ಕಾಣುವುದಿಲ್ಲ. ಪ್ಯಾಂಟು, ಬಿಗಿ ಲಂಗ ಹಾಕಿದ ಗೊಂಬೆಗೆ ಸೊಂಟದ ಕೊಂಡಿಯೇ ದಾರಿ.

ಯಕ್ಷಗಾನದ ಗೊಂಬೆಗೆ ಇವು ಮೂರೂ ಸಾಲದು. ಕಿರೀಟ, ಭುಜಕೀರ್ತಿ ಎಲ್ಲ ಸೇರಿ ಭಾರವೆಲ್ಲ ಮೇಲೆ. ಸೈಕಲ್ ಕಡ್ಡಿ ಬಗ್ಗುತ್ತದೆ, ಗೆರಟೆ ಭಾರವಿದ್ದರೂ ಅಗಲ ಕಡಿಮೆ. ಇದಕ್ಕೆ ಅರ್ಧ ಇಂಚಿನ ಪಿವಿಸಿ ಪೈಪ್ ಒಳ್ಳೆಯದು. ನೀರಿನ ಗಟ್ಟಿ ಪೈಪಿಗೆ ಆ ಎಣ್ಣೆಯಂಥ ಪದಾರ್ಥ ಸೇರಿಸುವುದಿಲ್ಲ, ಹಾಗಾಗಿ ಹೆದರಿಕೆ ಇಲ್ಲ. ಹದಿನೈದು ಸೆಂ.ಮೀ. ಚೌಕದ ದಪ್ಪ ಹಲಗೆಗೆ ಎಂಡ್ ಕ್ಯಾಪ್ ಸ್ಕ್ರೂ ಮಾಡಿ, ಅದರಲ್ಲಿ ಪೈಪ್ ನಿಲ್ಲಿಸಿ. ದಗಲೆಯ (ವೇಷದ ಅಂಗಿಯ) ಕೆಳಗೆ ಬೆನ್ನಿಗೆ ಹತ್ತಿ ನಾಡದಿಂದ ಕಟ್ಟಿ. ಸೋಗೆವಲ್ಲಿ ಎಂಬ ಉದ್ದನೆಯ ವಸ್ತ್ರವನ್ನು ಹಿಂದೆ ಇಳಿಬಿಟ್ಟರೆ ಪೈಪ್ ಮರೆಯಾಗುತ್ತದೆ. ಪೈಪನ್ನು ಹಲಗೆಯ ನಡುವೆ ಇಡದೆ ಹಿಂದಿನ ಅಂಚಿನ ಹತ್ತಿರ ಇಡಿ. ಆಗ ಗೊಂಬೆಯ ಭಾರ ಹಲಗೆಯ ನಟ್ಟನಡುವೆ ಬರುತ್ತದೆ.

ಚನ್ನಪಟ್ಟಣದ ಗೊಂಬೆಗೂ ತಂಜಾವೂರಿನ ತಲೆಯಾಡಿಸುವ ಗೊಂಬೆಗೂ ಇದ್ಯಾವುದೂ ಬೇಡ. ಅವು ಮಾಡುವಾಗಲೇ ತಮ್ಮ ಬುಡದ ಮೇಲೆ ನಿಲ್ಲುವ ಹಾಗೆ ಮಾಡಿದವು. ಕಪಾಟಿನ ಹಲಗೆ ಸಮ ಇದ್ದರೆ ಸಾಕು.