ಮಂಜಿನ ಫೋಟೋ ಕೆಳಗೆ ಕಬ್ಬಿಣದ ಪಟ್ಟಿ: ಫೋಟೋ ಪವರ್ ಬ್ಯಾಂಕ್ ಆರ್ಡರ್ ಮಾಡೋರು ಓದಿ

ಕೊಡಗಲ್ಲಿ ಹೋಂಸ್ಟೇ ನಡೆಸೋರು, ಮದುವೆಗೆ ಗಿಫ್ಟ್ ಕೊಡೋರು ದಯವಿಟ್ಟು ಓದಿ. ನಿಮ್ಮದೇ ಫೋಟೋ ಹಾಕಿ 'ಫೈನ್ ಆರ್ಟ್ ಪವರ್ ಬ್ಯಾಂಕ್' ಮಾಡಿಕೊಡ್ತೀವಿ ಅಂತ ವಾಟ್ಸಾಪ್‌ಗೆ ಕ್ಯಾಟಲಾಗ್ ಬಂದ್ರೆ ತಕ್ಷಣ ದುಡ್ಡು ಹಾಕಬೇಡಿ. ನಾವು ಹಾಗೆ ತರಿಸಿದ್ದು 20 ಪೀಸ್, ಒಂದಕ್ಕೆ 1,150 ರೂಪಾಯಿ, 10000 ಎಂಎಎಚ್. ಅರ್ಧ ಅಡ್ವಾನ್ಸ್, ಉಳಿದರ್ಧ ಕೊರಿಯರ್‌ಗೆ ಹಾಕೋ ಮೊದಲು. ಅಂದ್ರೆ ಪೆಟ್ಟಿಗೆ ಕಣ್ಣಿಗೆ ಬೀಳೋ ಮೊದಲೇ 23,000 ಹೋಯ್ತು.

ಮೊದಲು ಪ್ರಿಂಟ್ ವಿಷಯ. ಹೇಳಿದ್ದು ಕೇಸಿನ ಮೇಲೆ ನೇರ ಯುವಿ ಪ್ರಿಂಟ್, ಬಂದದ್ದು ವಿನೈಲ್ ಸ್ಟಿಕ್ಕರ್. ಮಂಡಲ್‌ಪಟ್ಟಿ ಬೆಟ್ಟದ ಮಂಜು ಇರೋ ಫೋಟೋದಲ್ಲಿ ಬಿಳಿಯಿಂದ ಬೂದಿಗೆ ನಯವಾಗಿ ಇಳಿಯಬೇಕಾದ ಕಡೆ ಪಟ್ಟೆ ಪಟ್ಟೆ. ವಾಟ್ಸಾಪ್‌ನಲ್ಲಿ ಕುಗ್ಗಿದ ಫೋಟೋವನ್ನೇ ಹಿಗ್ಗಿಸಿ ಹೊಡೆದ್ರೆ ಹೀಗಾಗುತ್ತೆ. 15 × 7 ಸೆಂ.ಮೀ. ಜಾಗಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದ್ರೆ ಸುಮಾರು 1772 × 827 ಪಿಕ್ಸೆಲ್ ಬೇಕು. ಡಾಕ್ಯುಮೆಂಟ್ ಆಗಿ ಒರಿಜಿನಲ್ ಫೈಲ್ ಕಳಿಸಿದ್ವಿ, ಮಾರೋರು ಅದನ್ನು ತೆಗೆದೇ ನೋಡಿಲ್ಲ. ಕೇಳಿದ್ದಕ್ಕೆ ಉತ್ತರ: 'ಸಾರ್, ಮೊಬೈಲಲ್ಲಿ ಬೇರೆ ಕಾಣುತ್ತೆ, ಪ್ರಿಂಟಲ್ಲಿ ಬೇರೆ ಕಾಣುತ್ತೆ.' ಬಣ್ಣ ಸ್ವಲ್ಪ ಮಂಕಾಗೋದು ನಿಜ, ತೋಟದ ಹಸಿರು ಪ್ರಿಂಟಲ್ಲಿ ಸಾಯುತ್ತೆ. ಆದ್ರೆ ಪಟ್ಟೆ ಎಲ್ಲಿಂದ ಬಂತು?

ಇದನ್ನಾದ್ರೂ ನುಂಗಬಹುದಿತ್ತು. ಫುಲ್ ಚಾರ್ಜ್ ಮಾಡಿ 5000 ಎಂಎಎಚ್ ಫೋನಿಗೆ ಹಾಕಿದ್ರೆ ಶೇ. 20ರಿಂದ 52ಕ್ಕೆ ಬಂದು ನಿಂತಿತು. ಇನ್ನೊಂದು ಪೀಸ್, ಅದೇ ಕಥೆ. ಅವರ ಉತ್ತರ: '10000 ಅನ್ನೋದು ಸೆಲ್ ಕೆಪಾಸಿಟಿ ಸಾರ್, ಔಟ್‌ಪುಟ್ ಕಮ್ಮಿನೇ ಬರೋದು.' ಇಲ್ಲೇ ನೋಡಿ ಮೋಸ, ಅರ್ಧ ಸತ್ಯ ಹೇಳಿ ಬಾಯಿ ಮುಚ್ಚಿಸ್ತಾರೆ. ಒಳಗಿನ ಸೆಲ್ 3.7 ವೋಲ್ಟ್, ಹೊರಗೆ ಬರೋದು 5 ವೋಲ್ಟ್, ಮಧ್ಯೆ ಸ್ವಲ್ಪ ನಷ್ಟವೂ ಆಗುತ್ತೆ, ಹಾಗಾಗಿ 10000 ಇದ್ದದ್ದು 6000ದಿಂದ 6500 ಆಗೋದು ಸರಿ. ಯುಎಸ್‌ಬಿ ಟೆಸ್ಟರ್ (ಹೊರಗೆ ಬರೋ ಚಾರ್ಜ್ ಅಳೆಯೋ ಸಾಧನ) ಹಾಕಿ ಅಳೆದ್ರೆ ಬಂದದ್ದು 1,580 ಎಂಎಎಚ್.

ತೂಕ ನೋಡಿ ಅನುಮಾನ ಬರಬೇಕಿತ್ತು ಅಂತೀರಾ? ಬರಲಿಲ್ಲ, ಕೈಗೆ ಗಟ್ಟಿಯಾಗೇ ಇತ್ತು, 220 ಗ್ರಾಂ. ರಿಪೇರಿಯವರ ಹತ್ರ ಕೇಸ್ ಬಿಚ್ಚಿಸಿದ್ರೆ ನಾಲ್ಕು 18650 ಸೆಲ್ (ಬೆರಳುದ್ದದ ಉರುಳೆ ಬ್ಯಾಟರಿ) ಕೂರೋ ಜಾಗದಲ್ಲಿ ಒಂದೇ ಸೆಲ್. ಉಳಿದ ಮೂರು ಜಾಗಕ್ಕೆ ಕಬ್ಬಿಣದ ಪಟ್ಟಿ, ಹಾಟ್ ಗ್ಲೂ ಹಾಕಿ ಕೂರಿಸಿದ್ದಾರೆ. ಕಬ್ಬಿಣ! ಅಂಗೈಯಲ್ಲಿ ಹಿಡಿದು 'ಒಳ್ಳೆ ಕ್ವಾಲಿಟಿ' ಅಂದದ್ದು ಕಬ್ಬಿಣಕ್ಕೆ. ಸ್ಟಿಕ್ಕರ್ ಸುಲಿದ್ರೆ ಕೆಳಗೆ ಏನೂ ಇಲ್ಲ: ವ್ಯಾಟ್-ಅವರ್ (ಬ್ಯಾಟರಿಯ ಒಟ್ಟು ಶಕ್ತಿ) ಇಲ್ಲ, ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತಿಲ್ಲ. ಚಿತ್ರ ಪೂರ್ತಿ ಕೇಸಿಗೆ ಸುತ್ತಿದ್ದು ಯಾಕೆ ಅಂತ ಆಗ ಗೊತ್ತಾಯ್ತು.

ಫೋಟೋ ತೆಗೆದು ಕಳಿಸಿದ್ದಕ್ಕೆ: 'ನೀವು ಓಪನ್ ಮಾಡಿದ್ರಿ, ವಾರಂಟಿ ಹೋಯ್ತು.' ಬಿಚ್ಚದ 19 ವಾಪಸ್ ತಗೊಳ್ಳಿ ಅಂದ್ರೆ: 'ಕಸ್ಟಮೈಸ್ಡ್ ಐಟಂಗೆ ರಿಟರ್ನ್ ಇಲ್ಲ ಸಾರ್.' ನಿಮ್ಮ ಫೋಟೋ ಇರೋ ಮಾಲು ಬೇರೆ ಯಾರಿಗೆ ಮಾರೋದು ಅಂತ ಉಪದೇಶ ಬೇರೆ.

ಇನ್ನೂ ಬೇಕು ಅನ್ನೋರು ಮೊದಲು ಒಂದೇ ಸ್ಯಾಂಪಲ್ ತರಿಸಿ, ಟೆಸ್ಟರಲ್ಲಿ ಅಳೆಯಿರಿ. 6000 ದಾಟದಿದ್ರೆ ಅಲ್ಲಿಗೇ ಬಿಡಿ. ಹಿಂಬದಿಯಲ್ಲಿ ಚಿತ್ರ ಬೇಡ, ಬಿಐಎಸ್ ಗುರುತು ಮತ್ತು ಆರ್-ನಂಬರ್ (ಬಿಐಎಸ್ ನೋಂದಣಿ ನಂಬರ್) ಕಾಣೋ ಹಾಗಿರಲಿ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಿ; ನಮ್ಮ ಬಾಕ್ಸ್ ಮೇಲಿದ್ದ ನಂಬರ್ ಬೇರೆ ಯಾರದ್ದೋ ಚಾರ್ಜರ್‌ದು. 10000 ಎಂಎಎಚ್‌ಗೆ 37 ವ್ಯಾಟ್-ಅವರ್ ಅಂತ ಬರೆದಿರಬೇಕು. ಕಣ್ಣೂರಿಂದಲೋ ಮಂಗಳೂರಿಂದಲೋ ವಿಮಾನ ಹತ್ತೋ ಅತಿಥಿ ಇದನ್ನು ಕೈಚೀಲದಲ್ಲೇ ಒಯ್ಯಬೇಕು, ಗುರುತಿಲ್ಲದ್ದನ್ನು ಚೆಕಿಂಗಲ್ಲಿ ಎತ್ತಿಟ್ಟುಕೊಂಡ್ರೆ ಕೇಳೋ ಹಾಗಿಲ್ಲ. ಮೇಲೆ ದಪ್ಪ ಅಕ್ರಿಲಿಕ್ ಅಂಟಿಸಿದ್ದಂತೂ ಬೇಡವೇ ಬೇಡ, ಬಿಸಿ ಹೊರಗೆ ಹೋಗಲ್ಲ. ನಮ್ಮ ಮಳೆಗಾಲದ ಶೀತಕ್ಕೆ ಸ್ಟಿಕ್ಕರ್ ಅಂಚೂ ಏಳುತ್ತೆ. ಜುಲೈಯಲ್ಲಿ ಎರಡು ದಿನ ಕರೆಂಟ್ ಇಲ್ಲದಾಗ ಇದನ್ನ ನಂಬಿ ಕೂತ್ರೆ ಎಂತ ಮಾಡೋದು?

ದುಡ್ಡು ಹಾಕಿ ಆಗಿದ್ರೆ ಚಾಟ್, ಪೇಮೆಂಟ್ ರಸೀದಿ ಅಳಿಸಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ನಾವು ಕೊಟ್ಟಾಯ್ತು. ಆ ಆರ್-ನಂಬರ್ ಯಾರದು ಅಂತ ಕೇಳಿದ ಮೇಲೆ ಅವರಿಂದ ಬರೀ ನೀಲಿ ಟಿಕ್, ಉತ್ತರ ಇಲ್ಲ.