ಜಕರಂದ ಸಸಿಗೆ ದೊರೆತ ಆರೈಕೆ: ಒಂದು ನರ್ಸರಿ ಸೇವೆಯ ವಿಮರ್ಶೆ

ಬೆಂಗಳೂರಿನ ನಮ್ಮ ಮನೆಯ ಮುಂದೆ ನೆಟ್ಟಿದ್ದ ಎಳೆಯ ಜಕರಂದದ ಎಲೆಗಳು ಹಳದಿಯಾಗಿ ಉದುರತೊಡಗಿದಾಗ, ಬಡಾವಣೆಯ ನರ್ಸರಿಯೊಂದರ ಆರೈಕೆ ಸೇವೆಯನ್ನು ಪಡೆದೆವು. ಬಂದ ಮಾಲಿಯವರು ಗೊಬ್ಬರ ಮಾರುವ ಮಾತೆತ್ತದೆ, ಬುಡದ ಮಣ್ಣನ್ನು ಕೈಯಿಂದಲೇ ಬಿಡಿಸಿ, ಬೇರು ಕವಲೊಡೆಯುವ ಭಾಗ 4 ಅಂಗುಲ ಆಳದಲ್ಲಿ ಹೂತುಹೋಗಿರುವುದನ್ನೂ, ನಾವು ದಿನವೂ ಸುರಿದ ನೀರು ಜೇಡಿಮಣ್ಣಿನಲ್ಲಿ ನಿಂತು ಬೇರಿಗೆ ಗಾಳಿಯಾಡದಂತಾಗಿರುವುದನ್ನೂ ತೋರಿಸಿದರು. ಆ ಭಾಗವನ್ನು ತೆರೆದು, ಪಾತಿಯನ್ನು ಅಗಲಗೊಳಿಸಿ, ಕಾಂಡಕ್ಕೆ ತಾಗದಂತೆ ತರಗೆಲೆ ಹೊದಿಸಿದರು. ಹೊಸ ಚಿಗುರು ಬರುವವರೆಗೆ ಗೊಬ್ಬರ ಬೇಡ, ಮೇಲ್ಮಣ್ಣು 2 ಅಂಗುಲ ಒಣಗಿದ ಮೇಲಷ್ಟೇ ನೀರು ಹಾಕಿ ಎಂದರು. 6 ವಾರಗಳ ಬಳಿಕ ತುದಿಯಲ್ಲಿ ಚಿಗುರು ಕಂಡಾಗ ಆದ ಸಂತೋಷ ಹೇಳತೀರದು. ನೀರಿನ ಕ್ರಮವನ್ನು ಬರೆದುಕೊಡದಿದ್ದುದೊಂದೇ ಕೊರತೆ. ಗಿಡ ನೋಡಿಕೊಳ್ಳುವ ನಮ್ಮ ತಾಯಿಯವರಿಗೆ ಅದು ಬೇಕಿತ್ತು.